ರೀಡ್‌ಮಿ ಕಡತದ ಕೊಂಡಿಗಳ ಪಟ್ಟಿಯನ್ನು ತಾನಾಗಿಯೇ ಅಕಾರಾದಿಯಲ್ಲಿ ಇರಿಸುವುದು ಹೇಗೆ?

ಪ್ರಶ್ನೆ:
ನಮ್ಮ ಯೋಜನೆಯ ಪರಿಚಯ ನೀಡುವ ರೀಡ್‌ಮಿ ಕಡತದಲ್ಲಿ ಕೊಂಡಿಗಳ ಉದ್ದನೆಯ ಪಟ್ಟಿಯೊಂದಿದ್ದು, ಎಲ್ಲರೂ ಹೊಸ ಕೊಂಡಿಯನ್ನು ಕೊನೆಯ ಸಾಲಿನ ಕೆಳಗೇ ಸೇರಿಸುವುದರಿಂದ ಕಡತಗಳ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನಲ್ಲಿ ಮತ್ತೆ ಮತ್ತೆ ಮರ್ಜ್ ಕಾನ್‌ಫ್ಲಿಕ್ಟ್ (ಒಂದೇ ಜಾಗದಲ್ಲಿ ಬೇರೆ ಬೇರೆಯವರು ಮಾಡಿದ ಬದಲಾವಣೆಗಳ ಘರ್ಷಣೆ) ಬರುತ್ತಿದೆ. ಅಕಾರಾದಿಯಾಗಿ ಜೋಡಿಸಿದರೆ ಸೇರ್ಪಡೆಗಳು ಬೇರೆ ಬೇರೆ ಜಾಗಗಳಿಗೆ ಹಂಚಿಹೋಗುತ್ತವೆ ಎಂದುಕೊಂಡು ಇಡೀ ಕಡತವನ್ನು ಸಾರ್ಟ್ ಆಜ್ಞೆಗೆ ಒಪ್ಪಿಸಿದೆ. ಶೀರ್ಷಿಕೆಗಳು ತಮ್ಮ ಪಟ್ಟಿಗಳನ್ನು ಬಿಟ್ಟು ಒಂದೆಡೆ ಸೇರಿಕೊಂಡವು. ಎರಡು ಸಾಲಿನ ವಿವರಣೆಗಳು ತಮ್ಮ ಕೊಂಡಿಗಳಿಂದ ಬೇರ್ಪಟ್ಟವು. ಸರಿಯಾದ ವಿಧಾನ ಯಾವುದು?

ಉತ್ತರ 1:
ಸಾರ್ಟ್ ಆಜ್ಞೆಗೆ ಸಾಲುಗಳು ಗೊತ್ತೇ ಹೊರತು ಪಟ್ಟಿಗಳು ಗೊತ್ತಿಲ್ಲ. ಪೈಥಾನ್‌ನಲ್ಲಿ ಚಿಕ್ಕದೊಂದು ಸ್ಕ್ರಿಪ್ಟ್ ಬರೆದುಕೊಳ್ಳುವುದೇ ಲೇಸು. ಪಟ್ಟಿಯ ಮೊದಲಿಗೂ ಕೊನೆಗೂ ಒಂದೊಂದು ಎಚ್‌ಟಿಎಂಎಲ್ ಟಿಪ್ಪಣಿಯನ್ನು ಗುರುತಾಗಿ ಇಡಿ. ಅದು ಓದುಗರಿಗೆ ಕಾಣುವುದಿಲ್ಲ, ಸ್ಕ್ರಿಪ್ಟ್ ಆ ಎರಡು ಗುರುತುಗಳ ಆಚೆಗೆ ಕೈಹಾಕುವುದೂ ಇಲ್ಲ. ಸಾಲಿನ ಮೊದಲಿಗೇ ಅಡ್ಡಗೆರೆಯಿರುವ ಸಾಲು ಮತ್ತು ಅದರ ಕೆಳಗೆ ಒಳಸರಿದಿರುವ ಸಾಲುಗಳೆಲ್ಲ ಸೇರಿ ಒಂದು ನಮೂದು ಎಂದು ಪರಿಗಣಿಸಿದರೆ ವಿವರಣೆಗಳೂ ಒಳಪಟ್ಟಿಗಳೂ ತಮ್ಮ ಕೊಂಡಿಯ ಜೊತೆಯಲ್ಲೇ ಚಲಿಸುತ್ತವೆ. ಹೋಲಿಕೆಗೆ ವೆಬ್ ವಿಳಾಸವನ್ನಲ್ಲ, ಚೌಕ ಆವರಣದೊಳಗಿನ ಹೆಸರನ್ನು ತೆಗೆದುಕೊಳ್ಳಿ. ಇಂಗ್ಲಿಷ್ ಅಕ್ಷರಗಳಿಗೆ ಸಂಖ್ಯೆ ಕೊಡುವ ಆಸ್ಕಿ ಪದ್ಧತಿಯಲ್ಲಿ ದೊಡ್ಡಕ್ಷರ ಝಡ್‌ನ ಸಂಖ್ಯೆ 90, ಸಣ್ಣಕ್ಷರ ಎ ಸಂಖ್ಯೆ 97. ಆದ್ದರಿಂದ ಹೋಲಿಸುವ ಮುನ್ನ ಎಲ್ಲವನ್ನೂ ಸಣ್ಣಕ್ಷರಕ್ಕೆ ತಾರದಿದ್ದರೆ ಸಣ್ಣಕ್ಷರದ ಹೆಸರುಗಳೆಲ್ಲ ಬಾಲದಲ್ಲಿ ಉಳಿಯುತ್ತವೆ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು, ಇಂಗ್ಲಿಷ್ ಪಟ್ಟಿ ಸರಿಹೋಯಿತು. ಆದರೆ ಕನ್ನಡ ಪಟ್ಟಿಯಲ್ಲಿ ‘ಬಳಕೆದಾರರ ಕೈಪಿಡಿ’ಯು ‘ಬಹುಭಾಷಾ ಬೆಂಬಲ’ಕ್ಕಿಂತ ಮೊದಲು ಬರುತ್ತಿದೆ. ನಿಘಂಟಿನ ಕ್ರಮ ಇದಕ್ಕೆ ತದ್ವಿರುದ್ಧವಲ್ಲವೇ?

ಉತ್ತರ 2:
ಹೌದು, ತಪ್ಪು ಸ್ಕ್ರಿಪ್ಟಿನದಲ್ಲ. ವರ್ಣಮಾಲೆಯಲ್ಲಿ ಹಕಾರದ ನಂತರ ಬರುವ ಳಕಾರಕ್ಕೆ, ಜಗತ್ತಿನ ಭಾಷೆಗಳ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಲಕಾರದ ಪಕ್ಕದಲ್ಲೇ, ವಕಾರಕ್ಕಿಂತ ಮೊದಲೇ ಸ್ಥಾನ ಕೊಡಲಾಗಿದೆ. ಪೈಥಾನ್ ಆ ಸಂಖ್ಯೆಗಳನ್ನಷ್ಟೇ ಹೋಲಿಸುತ್ತದೆ. ಹೋಲಿಕೆಯ ಕೀಲಿಯನ್ನು ತಯಾರಿಸುವಾಗ ಮಾತ್ರ ಳಕಾರದ ಬದಲಿಗೆ ಹಕಾರದ ಮುಂದಿನ ಖಾಲಿ ಸಂಖ್ಯೆಯನ್ನು ಇಟ್ಟುಕೊಂಡರೆ ಸಾಕು, ಮೂಲ ಪಠ್ಯ ಹಾಗೆಯೇ ಇರುತ್ತದೆ.

ಉತ್ತರ 3:
ಒಂದು ಮಾತು ಸೇರಿಸುತ್ತೇನೆ. ಸರ್ವರ್‌ನಲ್ಲಿ ಈ ಸ್ಕ್ರಿಪ್ಟ್ ಕಡತವನ್ನು ತಾನೇ ತಿದ್ದಿ ಕಮಿಟ್ ಮಾಡುವುದು (ಗಿಟ್‌ನಲ್ಲಿ ದಾಖಲಿಸುವುದು) ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಕೊಂಡಿ ಸೇರಿಸಿದವರ ಶಾಖೆ (ಗಿಟ್‌ನಲ್ಲಿ ಅವರು ಕೆಲಸ ಮಾಡುವ ಪ್ರತ್ಯೇಕ ಕವಲು) ಅವರಿಗೆ ತಿಳಿಯದಂತೆಯೇ ಬದಲಾಗಿರುತ್ತದೆ. ಅಲ್ಲಿ ಕ್ರಮವನ್ನು ಪರೀಕ್ಷಿಸಿ, ತಪ್ಪಿದ್ದರೆ ಯಾವ ನಮೂದು ಎಲ್ಲಿರಬೇಕಿತ್ತೆಂದು ತೋರಿಸಿ ನಿಲ್ಲಲಿ. ತಿದ್ದುವ ಕೆಲಸವನ್ನು ಪ್ರಿ-ಕಮಿಟ್ ಹುಕ್ (ಕಮಿಟ್‌ಗೆ ಮುನ್ನ ತಾನಾಗಿಯೇ ಓಡುವ ಸ್ಕ್ರಿಪ್ಟ್) ಮೂಲಕ ಅವರವರ ಕಂಪ್ಯೂಟರಿನಲ್ಲೇ ಮಾಡಿಸಿ. ಅಂದಹಾಗೆ, ‘ಮೊದಲು ಇದನ್ನು ಓದಿ’ ಎಂಬಂತಹ ಕಲಿಕೆಯ ಕ್ರಮದ ಪಟ್ಟಿಗಳಿಗೆ ಗುರುತು ಹಾಕಲೇಬೇಡಿ.