ಟಿಡ್ಲಿವಿಕಿಯಲ್ಲಿ ‘ಸಂಬಂಧಿತ ಟಿಪ್ಪಣಿ’ ಪಟ್ಟಿ ಹಾಕಿದ ಮೇಲೆ ತುಂಬಾ ನಿಧಾನ

ಪ್ರಶ್ನೆ: ಸರ್, ನಮಸ್ಕಾರ. ಬೆಂಗಳೂರಿನ ಕೆರೆ, ರಾಜಕಾಲುವೆ, ಹಳೇ ಊರುಗಳ ಬಗ್ಗೆ ಟಿಡ್ಲಿವಿಕಿಯಲ್ಲಿ (ಬ್ರೌಸರಿನಲ್ಲೇ ಓಡುವ ಟಿಪ್ಪಣಿ ತಂತ್ರಾಂಶ) ಬರೆದಿಟ್ಟುಕೊಳ್ಳುತ್ತಿದ್ದೇನೆ. ಹತ್ತಿರ ಹತ್ತಿರ 3000 ಟಿಪ್ಪಣಿಗಳಾಗಿವೆ. ಪ್ರತಿಯೊಂದರ ಕೆಳಗೂ ‘ಸಂಬಂಧಿತ ಟಿಪ್ಪಣಿಗಳು’ ಬರುವ ಹಾಗೆ ಮಾಡಿದೆ: ಅದೇ ಟ್ಯಾಗ್ ಇರುವವು, ಜೊತೆಗೆ ಈ ಟಿಪ್ಪಣಿಯ ಹೆಸರು ಒಳಗೆಲ್ಲೋ ಬಂದಿರುವವು. ಆಗಿನಿಂದ ಟೈಪ್ ಮಾಡ್ತಾ ಒಂದು ಕ್ಷಣ ಕೈ ನಿಂತರೆ ಸಾಕು, ಪರದೆ ಅಲ್ಲಾಡುವುದಿಲ್ಲ. ಒತ್ತಿದರೆ ತೆರೆದುಕೊಳ್ಳುವ ‘ಡೀಟೇಲ್ಸ್’ ಎಂಬ ಎಚ್‌ಟಿಎಂಎಲ್ ಟ್ಯಾಗ್ ಒಳಗೆ ಪಟ್ಟಿಯನ್ನು ಮಡಚಿಟ್ಟರೂ ಅಷ್ಟೇ. ಲ್ಯಾಪ್‌ಟಾಪ್ ಬದಲಿಸಬೇಕಾ?

ಉತ್ತರ: ಬೇಡ, ದುಡ್ಡು ಉಳಿಸಿಕೊಳ್ಳಿ. ಬರೀ ಪಠ್ಯದ 3000 ಟಿಪ್ಪಣಿ ಟಿಡ್ಲಿವಿಕಿಗೆ ಭಾರವೇ ಅಲ್ಲ. ಭಾರ ಇರುವುದು ಆ ಪಟ್ಟಿಯಲ್ಲಿ.

ಕೈ ನಿಂತಾಗ ಎಂದಿರಲ್ಲ, ಸುಳಿವು ಅಲ್ಲೇ ಇದೆ. ಡ್ರಾಫ್ಟ್ ಬರೆಯುವಾಗ ಟಿಡ್ಲಿವಿಕಿ ಅಕ್ಷರಕ್ಕೊಮ್ಮೆ ರಿಫ್ರೆಶ್ ಆಗುವುದಿಲ್ಲ. ಕೈ ನಿಂತು 400 ಮಿಲಿಸೆಕೆಂಡ್ ಕಾದು ಆಮೇಲೆ ಮಾಡುತ್ತದೆ. ಆ ರಿಫ್ರೆಶ್‌ನಲ್ಲಿ ಪರದೆಯ ಮೇಲಿರುವ ಪ್ರತಿ ಲಿಸ್ಟ್ ವಿಜೆಟ್ (ಪಟ್ಟಿ ತೋರಿಸುವ ಭಾಗ) ತನ್ನ ಫಿಲ್ಟರನ್ನು, ಅಂದರೆ ಟಿಪ್ಪಣಿಗಳನ್ನು ಆರಿಸುವ ಸೂತ್ರವನ್ನು, ಮೊದಲಿನಿಂದ ಓಡಿಸುತ್ತದೆ. ನೀವು ಹತ್ತು ಟಿಪ್ಪಣಿ ತೆರೆದಿಟ್ಟಿದ್ದರೆ, ಅಷ್ಟೂ 3000 ಟಿಪ್ಪಣಿಗಳ ಪಠ್ಯವನ್ನು ಹತ್ತು ಸಲ ಜಾಲಾಡಿದ ಹಾಗೆ. ‘ಡೀಟೇಲ್ಸ್’ ಕಣ್ಣಿಗೆ ಮರೆ ಮಾಡುತ್ತದೆ ಅಷ್ಟೇ, ಒಳಗಿನ ಪಟ್ಟಿ ಲೆಕ್ಕ ಹಾಕುತ್ತಲೇ ಇರುತ್ತದೆ. ಅದರ ಬದಲು ಟಿಡ್ಲಿವಿಕಿಯದೇ ಆದ ರಿವೀಲ್ ವಿಜೆಟ್ ಮತ್ತು ಅದನ್ನು ತೆರೆಯಲು ಒಂದು ಬಟನ್ ಹಾಕಿ. ರಿವೀಲ್ ಮುಚ್ಚಿರುವಾಗ ಒಳಗಿನದು ಹುಟ್ಟುವುದೇ ಇಲ್ಲ. ಇದೊಂದರಿಂದಲೇ ನಿಮ್ಮ ತೊಂದರೆ ಬಹುಪಾಲು ಹೋಗುತ್ತದೆ.

ಆಮೇಲೆ ಪಠ್ಯದಲ್ಲಿ ಹೆಸರು ಹುಡುಕುವುದನ್ನು ಕೈಬಿಟ್ಟು ಬ್ಯಾಕ್‌ಲಿಂಕ್ (ಈ ಟಿಪ್ಪಣಿಗೆ ಲಿಂಕ್ ಕೊಟ್ಟಿರುವ ಟಿಪ್ಪಣಿಗಳು) ಬಳಸಿ. ‘ಅಗರ’ ಎಂದು ಹುಡುಕಿದರೆ ‘ನಗರ’ ಸಿಗುವುದಿಲ್ಲ, ಆದರೆ ‘ಅಗರಬತ್ತಿ’ ಸಿಗುತ್ತದೆ! ಫಿಲ್ಟರ್ ಬರೆಯುವಾಗ ಟ್ಯಾಗ್ ಮೊದಲು ಬರಲಿ. ಈಗಿನ ಆವೃತ್ತಿಗಳಲ್ಲಿ ಟ್ಯಾಗ್‌ಗೆ ಇಂಡೆಕ್ಸ್ (ಬೇಗ ಹುಡುಕಲು ಮೊದಲೇ ಮಾಡಿಟ್ಟ ಸೂಚಿ) ಇದೆ, ಆದರೆ ಸಾಲಿನ ಆರಂಭದಲ್ಲಿದ್ದರೆ ಮಾತ್ರ ಅದರ ಲಾಭ ಸಿಗುವುದು.

ಪ್ರಶ್ನೆ: ಸರ್, ರಿವೀಲ್ ಹಾಕಿದೆ, ಟೈಪಿಂಗ್ ಸಲೀಸಾಯಿತು. ಆದರೆ ಬಟನ್ ಒತ್ತಿದರೆ ನೂರಾರು ಹೆಸರು ಬರುತ್ತವೆ. ಮೇಲಿನ ಹತ್ತು ಮಾತ್ರ ತೋರಿಸಲಾ?

ಉತ್ತರ: ಮಿತಿ ಹಾಕಿ, ಆದರೆ ಯಾವ ಹತ್ತು ಎಂಬುದೇ ಇಲ್ಲಿ ಮುಖ್ಯ. ನಿಮ್ಮ ಸಂಗ್ರಹದಲ್ಲಿ ‘ಕೆರೆ’ ಟ್ಯಾಗ್ ಎಲ್ಲೆಲ್ಲೂ ಇರುತ್ತದೆ, ಹಾಗಾಗಿ ಅದು ಏನನ್ನೂ ಹೇಳುವುದಿಲ್ಲ. ಅಪರೂಪದ ಪದಕ್ಕೆ ತೂಕ ಹೆಚ್ಚು ಕೊಡಬೇಕೆಂದು ಮಾಹಿತಿ ಹುಡುಕಾಟದ ಸಂಶೋಧಕಿ ಕ್ಯಾರೆನ್ ಸ್ಪಾರ್ಕ್ ಜೋನ್ಸ್ 1972ರಲ್ಲೇ ತೋರಿಸಿಕೊಟ್ಟರು. ಹುಡುಕಾಟದ ತಂತ್ರಾಂಶಗಳಲ್ಲಿ ಇವತ್ತಿಗೂ ಅದು ಬಳಕೆಯಲ್ಲಿದೆ. ತುಂಬಾ ಟಿಪ್ಪಣಿಗಳಿಗೆ ಅಂಟಿರುವ ಟ್ಯಾಗ್‌ಗಳನ್ನು ಈ ಪಟ್ಟಿಯಿಂದ ಹೊರಗಿಡಿ.

ನಿಮ್ಮ ವಿಷಯಕ್ಕೆ ಇನ್ನೂ ಒಳ್ಳೆಯ ದಾರಿಯಿದೆ. ಮಡಿವಾಳ ಕೆರೆ ತುಂಬಿದರೆ ನೀರು ಅಗರಕ್ಕೆ, ಅಲ್ಲಿಂದ ಬೆಳ್ಳಂದೂರಿಗೆ, ಮುಂದೆ ವರ್ತೂರಿಗೆ, ಕೊನೆಗೆ ದಕ್ಷಿಣ ಪಿನಾಕಿನಿಗೆ. ಮಡಿವಾಳದ ಟಿಪ್ಪಣಿ ಓದುವವರಿಗೆ ಬೇಕಾದದ್ದು ಅಗರ, ಸ್ಯಾಂಕಿ ಕೆರೆಯಲ್ಲ. ‘ಕೆಳಗಿನ ಕೆರೆ’ ಎಂದೊಂದು ಫೀಲ್ಡ್ (ಟಿಪ್ಪಣಿಗೆ ಸೇರಿಸುವ ಹೆಸರುಳ್ಳ ಖಾನೆ) ಮಾಡಿ, ಅದರಲ್ಲಿ ಮುಂದಿನ ಕೆರೆಯ ಹೆಸರು ಬರೆಯಿರಿ. ಹುಡುಕುವ ಪ್ರಮೇಯವೇ ಇಲ್ಲ, ಒಂದು ಫೀಲ್ಡ್ ಓದಿದರಾಯಿತು. ಈ ಸಂಬಂಧ ಗೊತ್ತಿರುವುದು ನಿಮಗೆ, ಯಾವ ಫಿಲ್ಟರಿಗೂ ಅಲ್ಲ. ದಯವಿಟ್ಟು ಇದನ್ನು ಮಾಡಿ, ನಿಮ್ಮ ಸಂಗ್ರಹದ ಬೆಲೆಯೇ ಹೆಚ್ಚುತ್ತದೆ.

ಇನ್ನೊಬ್ಬ ಸದಸ್ಯರು: ಪಟ್ಟಿಯನ್ನು ಒಮ್ಮೆ ಲೆಕ್ಕ ಹಾಕಿ ಟಿಪ್ಪಣಿಯಲ್ಲೇ ಉಳಿಸಿಟ್ಟರೆ? ಹೆಸರು ಬದಲಾದರೆ ಕೆಡುತ್ತದೆ ಅಲ್ವಾ?

ಉತ್ತರ: ‘ಲಿಸ್ಟ್’ ಎಂಬ ಫೀಲ್ಡಿನಲ್ಲೇ ಉಳಿಸಿ. ಟಿಪ್ಪಣಿಯ ಹೆಸರು ಬದಲಿಸುವಾಗ, ಬೇರೆ ಟಿಪ್ಪಣಿಗಳ ಟ್ಯಾಗ್ ಮತ್ತು ಲಿಸ್ಟ್ ಫೀಲ್ಡುಗಳಲ್ಲೂ ಬದಲಿಸಲೇ ಎಂದು ಟಿಡ್ಲಿವಿಕಿ ಕೇಳುತ್ತದೆ; ಅಲ್ಲಿ ಗುರುತು ಹಾಕಿದೆಯೇ ಎಂದು ನೋಡಿಕೊಳ್ಳಿ. ಸ್ವಂತ ಹೆಸರಿನ ಫೀಲ್ಡುಗಳಿಗೆ ಈ ಸೌಲಭ್ಯ ಅದರಷ್ಟಕ್ಕೇ ಸಿಗುವುದಿಲ್ಲ, ಹಾಗಾಗಿ ‘ಕೆಳಗಿನ ಕೆರೆ’ಯನ್ನು ಕೈಯಾರೆ ತಿದ್ದಬೇಕು. ಹೊಸ ಟಿಪ್ಪಣಿಗಳು ಸೇರಿದ ಮೇಲೆ ಪಟ್ಟಿಯನ್ನು ಮತ್ತೆ ಲೆಕ್ಕ ಹಾಕಲು ಒಂದು ಬಟನ್ ಇರಲಿ.

ಏನೇ ಬದಲಿಸಿದರೂ ಅಳೆದು ನೋಡಿ. ಕಂಟ್ರೋಲ್ ಪ್ಯಾನೆಲ್‌ನ ಸೆಟ್ಟಿಂಗ್ಸ್‌ನಲ್ಲಿ ‘ಪರ್ಫಾರ್ಮೆನ್ಸ್ ಇನ್‌ಸ್ಟ್ರುಮೆಂಟೇಶನ್’ ಆನ್ ಮಾಡಿ, ಉಳಿಸಿ, ಪುಟ ರೀಲೋಡ್ ಮಾಡಿದರೆ ಬ್ರೌಸರ್ ಕನ್ಸೋಲ್‌ನಲ್ಲಿ (ಡೆವಲಪರ್ ಟೂಲ್ಸ್‌ನ ಸಂದೇಶಗಳ ಭಾಗ) ಪ್ರತಿ ರಿಫ್ರೆಶ್‌ಗೆ ಹಿಡಿದ ಮಿಲಿಸೆಕೆಂಡ್ ಕಾಣುತ್ತದೆ. 100ರ ಒಳಗಿದ್ದರೆ ತಡವಾದದ್ದು ಕೈಗೆ ಗೊತ್ತೇ ಆಗುವುದಿಲ್ಲ. ಅದಕ್ಕಿಂತ ಬಹಳ ಹೆಚ್ಚು ಬಂದರೆ ನಿಮ್ಮ ಫಿಲ್ಟರ್ ಇಲ್ಲಿ ಹಾಕಿ, ನೋಡೋಣ.