ಹಳೇ ಕಂಪ್ಯೂಟರ್‌ಗೆ ಲಿನಕ್ಸ್ ಹಾಕಿದರೆ ನುಡಿ ಫೈಲ್‌ಗಳ ಗತಿ ಏನು?

ಪ್ರಶ್ನೆ (ಗದಗ-ಬೆಟಗೇರಿ, ಪ್ರಿಂಟಿಂಗ್ ಪ್ರೆಸ್): ಸರ್, ನಮ್ಮದು ಸಣ್ಣ ಪ್ರೆಸ್. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆಯ ಹ್ಯಾಂಡ್‌ಬಿಲ್ ಕೆಲಸ. ಎರಡು ಕಂಪ್ಯೂಟರ್ ಇವೆ. ಎರಡೂ ನಾಲ್ಕನೇ ಜನರೇಷನ್ ಐ3, 4 ಜಿಬಿ ರ್‍ಯಾಮ್, ವಿಂಡೋಸ್ 10. ಅಪ್‌ಡೇಟ್ ನಿಂತಿದೆ, 11 ಹಾಕೋಕೆ ಬರಲ್ಲ ಅಂತಾರೆ. ಎರಡಕ್ಕೂ ವಿಂಡೋಸ್ ಬದಲು ಲಿನಕ್ಸ್ ಹಾಕಿಬಿಡಲೇ? ಹಳೇ ಕೆಲಸವೆಲ್ಲ ನುಡಿ ಫಾಂಟ್‌ನಲ್ಲಿ, ಪೇಜ್‌ಮೇಕರ್, ಕೋರೆಲ್ ಅನ್ನೋ ಡಿಸೈನ್ ಸಾಫ್ಟ್‌ವೇರ್‌ನಲ್ಲಿದೆ.

ಉತ್ತರ (ಹುಬ್ಬಳ್ಳಿ, ಕಂಪ್ಯೂಟರ್ ಸರ್ವಿಸ್): ಎರಡಕ್ಕೂ ಒಮ್ಮೆಲೇ ಬೇಡ. ಒಂದಕ್ಕೆ ಹಾಕಿ.

ನಿಮಗೆ ಹೇಳಿದ್ದು ನಿಜ. ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಎಂಟನೇ ಜನರೇಷನ್ ಮತ್ತು ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಬೇಕು. ನಿಮ್ಮ ಮಷೀನ್‌ಗೆ ಲಿನಕ್ಸ್‌ನ ಒಂದು ಬಗೆಯಾದ ಮಿಂಟ್‌ನ ಎಕ್ಸ್‌ಎಫ್‌ಸಿಇ ಅನ್ನೋ ಹಗುರ ಆವೃತ್ತಿ ಸರಿಹೋಗುತ್ತದೆ. ಅದಕ್ಕೆ 2 ಜಿಬಿ ರ್‍ಯಾಮ್ ಕನಿಷ್ಠ, 4 ಇದ್ದರೆ ಆರಾಮ. ಹಳೇ ಹಾರ್ಡ್ ಡಿಸ್ಕ್ ಇದ್ದರೆ ತೆಗೆದು ಎಸ್‌ಎಸ್‌ಡಿ (ವೇಗವಾದ ಹೊಸ ಬಗೆಯ ಡಿಸ್ಕ್) ಹಾಕಿಸಿ. ವೇಗದ ವಿಷಯದಲ್ಲಿ ವಿಂಡೋಸೋ ಲಿನಕ್ಸೋ ಅನ್ನೋದಕ್ಕಿಂತ ಅದೇ ಜಾಸ್ತಿ ಫರಕು ಮಾಡುತ್ತದೆ.

ಕಂಪ್ಯೂಟರ್ ನಿಮಗೆ ಸಮಸ್ಯೆಯೇ ಅಲ್ಲ ರೀ. ಫೈಲ್‌ಗಳೇ ಸಮಸ್ಯೆ. ಹಳೇ ನುಡಿ ಫಾಂಟ್‌ಗಳು ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಕೋಡ್ ಇರುವ ಪದ್ಧತಿ) ಅಲ್ಲ. ಒಳಗೆ ಇರೋದು ಇಂಗ್ಲಿಷ್ ಅಕ್ಷರಗಳ ಕೋಡ್, ಮೇಲೆ ಮಾತ್ರ ಕನ್ನಡದ ಚಿತ್ರ. ಫಾಂಟ್ ಇಲ್ಲದ ಕಡೆ ತೆರೆದರೆ ಬರೀ ವಿಚಿತ್ರ ಚಿಹ್ನೆಗಳು. ಲಿನಕ್ಸ್‌ನಲ್ಲೂ ಆ ಫಾಂಟ್ ಹಾಕಬಹುದು. ಹಾಕಿದರೆ ವರ್ಡ್ ಫೈಲ್ ಲಿಬ್ರೆಆಫೀಸ್ ಅನ್ನೋ ಪುಕ್ಕಟೆ ಆಫೀಸ್ ಸಾಫ್ಟ್‌ವೇರ್‌ನಲ್ಲಿ ಓದೋಕೆ ಬರುತ್ತದೆ. ಪೇಜ್‌ಮೇಕರ್ 6, 7ರ ಫೈಲ್ ಲಿಬ್ರೆಆಫೀಸ್ ಡ್ರಾದಲ್ಲಿ, ಕೋರೆಲ್ ಫೈಲ್ ಇಂಕ್‌ಸ್ಕೇಪ್ ಅನ್ನೋ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ತೆರೆಯುತ್ತವೆ, ಆದರೆ ಲೇಔಟ್ ಇದ್ದಂತೆಯೇ ಬರುತ್ತದೆ ಅಂತ ನಂಬಿ ಗಿರಾಕಿಗೆ ಮಾತು ಕೊಡಬೇಡಿ.

ಅದಕ್ಕೇ ಇನ್ನೊಂದು ಮಷೀನ್‌ನಲ್ಲಿ ವಿಂಡೋಸ್ ಹಾಗೇ ಇರಲಿ. ಅದರ ಇಂಟರ್ನೆಟ್ ಕೇಬಲ್ ಮಾತ್ರ ತೆಗೆದುಬಿಡಿ. ಹಳೇ ಪತ್ರಿಕೆಯನ್ನೇ ತಿದ್ದಿ ಕೊಡಿ ಅಂದವರ ಕೆಲಸ ಅದರಲ್ಲಿ ಮಾಡಿ, ಪಿಡಿಎಫ್ ಮಾಡಿ ಪೆನ್‌ಡ್ರೈವ್‌ನಲ್ಲಿ ತನ್ನಿ. ಮೇಲ್, ವಾಟ್ಸಾಪ್, ಹೊಸ ಮ್ಯಾಟರ್ ಎಲ್ಲ ಲಿನಕ್ಸ್‌ನಲ್ಲಿ.

ಪ್ರಶ್ನೆ (ಅದೇ ಪ್ರೆಸ್): ಹೊಸ ಕೆಲಸ ಯಾವುದರಲ್ಲಿ ಮಾಡೋದು? ಹಳೇ ಮ್ಯಾಟರ್ ಯೂನಿಕೋಡ್ ಮಾಡೋಕೆ ಬರುತ್ತಾ?

ಉತ್ತರ: ಪೇಜ್ ಕೆಲಸಕ್ಕೆ ಸ್ಕ್ರೈಬಸ್ ಅನ್ನೋ ಸಾಫ್ಟ್‌ವೇರ್. 1.6 ಅಥವಾ ಅದಕ್ಕಿಂತ ಹೊಸದನ್ನೇ ಹಾಕಿ. 1.4ರಲ್ಲಿ ಕನ್ನಡದ ಒತ್ತಕ್ಷರ ಸರಿಯಾಗಿ ಕೂರುತ್ತಿರಲಿಲ್ಲ. ಅದನ್ನು ಒಮ್ಮೆ ನೋಡಿ ಬಿಟ್ಟವರು ಇವತ್ತಿಗೂ ಅದು ಕನ್ನಡಕ್ಕೆ ಆಗಲ್ಲ ಅಂತಲೇ ಹೇಳುತ್ತಾರೆ. ಇಂಕ್‌ಸ್ಕೇಪ್ ಡಿಸೈನ್‌ಗೆ ಚೆನ್ನಾಗಿದೆ, ಆದರೆ ಕೆಲಸ ಮಾಡೋದು ಆರ್‌ಜಿಬಿ, ಅಂದರೆ ಪರದೆಯ ಬಣ್ಣಗಳಲ್ಲಿ. ನಾಲ್ಕು ಬಣ್ಣದ ಪ್ಲೇಟ್‌ಗೆ ಸಿಎಂವೈಕೆ ಪಿಡಿಎಫ್ ಬೇಕಲ್ವಾ? ಅದನ್ನು ಸ್ಕ್ರೈಬಸ್‌ನಿಂದ ತೆಗೆಯಿರಿ.

ಮ್ಯಾಟರ್ ಬದಲಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಮಧ್ಯೆ ಇಂಗ್ಲಿಷ್ ಪದ ಇದ್ದರೆ ಅದನ್ನೂ ಕನ್ನಡ ಅಂತ ತಿಳಿದು ಕಲಸಿಬಿಡುತ್ತವೆ. ಪ್ರೂಫ್ ನೋಡದೆ ಪ್ಲೇಟ್‌ಗೆ ಕಳಿಸಬೇಡಿ. ಎಲ್ಲ ಹಳೇ ಫೈಲ್ ಬದಲಿಸುತ್ತಾ ಕೂರಬೇಡಿ, ಗಿರಾಕಿ ಬಂದಾಗ ಆ ಒಂದನ್ನು ಮಾಡಿ ಸಾಕು.

ಪ್ರಶ್ನೆ (ಹಾವೇರಿ, ಶಿಕ್ಷಕಿ): ನನ್ನ ಕೈ ನುಡಿ ಕೀಲಿಮಣೆಗೆ ಒಗ್ಗಿದೆ. ಪ್ರಶ್ನೆಪತ್ರಿಕೆ ಟೈಪ್ ಮಾಡೋಕೆ ಮತ್ತೆ ಹೊಸದಾಗಿ ಕಲಿಯಬೇಕಾ?

ಉತ್ತರ: ಬೇಡ ಮೇಡಂ. ಲಿನಕ್ಸ್‌ನಲ್ಲಿ ಕನ್ನಡ ಟೈಪ್ ಮಾಡಿಸುವ ಐಬಸ್ ಮತ್ತು ಎಂ17ಎನ್ ಹಾಕಿಕೊಂಡು, ಕನ್ನಡದಲ್ಲಿ ಕೆಜಿಪಿ ಅನ್ನೋದನ್ನು ಆರಿಸಿ. ಕೆಜಿಪಿ ಅಂದರೆ ಕನ್ನಡ ಗಣಕ ಪರಿಷತ್ತು, ನುಡಿ ಮಾಡಿದವರೇ. ಕೀಲಿಗಳ ಜಾಗ ಅದೇ. ಅಕ್ಷರಕ್ಕೆ ನೋಟೋ ಅಥವಾ ಲೋಹಿತ್ ಫಾಂಟ್ ಇರುತ್ತದೆ. ಗುಬ್ಬಿ, ನವಿಲು ಫಾಂಟ್‌ಗಳನ್ನೂ ಹಾಕಿಕೊಳ್ಳಬಹುದು. ನಿಮ್ಮ ಪ್ರಿಂಟರ್ ಯಾವುದು?

ಶಿಕ್ಷಕಿ: ಕ್ಯಾನನ್ ಎಲ್‌ಬಿಪಿ 2900.

ಉತ್ತರ: ಅಲ್ಲಿ ಸ್ವಲ್ಪ ಪರದಾಟ ಇದೆ. ಅದು ಲಿನಕ್ಸ್‌ನಲ್ಲಿ ತಾನಾಗಿ ನಡೆಯಲ್ಲ, ಕ್ಯಾಪ್ಟ್ ಅನ್ನೋ ಡ್ರೈವರ್ ಬೇರೆ ಹಾಕಬೇಕು. ಗೊತ್ತಿದ್ದವರ ಕೈಯಲ್ಲೇ ಹಾಕಿಸಿ. ಪರೀಕ್ಷೆ ಹತ್ತಿರ ಇದ್ದರೆ ಈಗ ಕೈ ಹಾಕಬೇಡಿ, ರಜೆಯಲ್ಲಿ ಮಾಡಿ.

ಪ್ರಶ್ನೆ (ಧಾರವಾಡ, ಸಪ್ತಾಪುರ, ವಿದ್ಯಾರ್ಥಿ): ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 11 ಜೊತೆಗೇ ಉಬುಂಟು ಲಿನಕ್ಸ್ ಹಾಕಿದೆ. ಈಗ ವಿಂಡೋಸ್‌ಗೆ ಹೋದರೆ ಗಡಿಯಾರ ಐದೂವರೆ ಗಂಟೆ ಹಿಂದೆ ತೋರಿಸುತ್ತೆ. ಬ್ಯಾಟರಿ ಹೋಗಿದೆಯಾ?

ಉತ್ತರ: ಬ್ಯಾಟರಿಗೆ ಏನೂ ಆಗಿಲ್ಲ. ಲಿನಕ್ಸ್ ಮದರ್‌ಬೋರ್ಡ್ ಗಡಿಯಾರದಲ್ಲಿ ಯುಟಿಸಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಅಂತರರಾಷ್ಟ್ರೀಯ ಸಮಯ ಇಡುತ್ತದೆ. ವಿಂಡೋಸ್ ಅದನ್ನೇ ನಮ್ಮ ಸಮಯ ಅಂತ ಓದುತ್ತದೆ. ಉಬುಂಟುವಿನ ಟರ್ಮಿನಲ್‌ನಲ್ಲಿ timedatectl set-local-rtc 1 ಅನ್ನೋ ಕಮಾಂಡ್ ಕೊಡಿ, ಸರಿಹೋಗುತ್ತದೆ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಕೂಡ ಆಫ್ ಮಾಡಿ. ಇಲ್ಲದಿದ್ದರೆ ಉಬುಂಟುವಿನಿಂದ ವಿಂಡೋಸ್ ಡ್ರೈವ್‌ಗೆ ಬರೆಯೋಕೆ ಬಿಡದೇ ಇರಬಹುದು. ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ ಅದರ ರಿಕವರಿ ಕೀಯನ್ನು ಮೊದಲು ಕಾಗದದ ಮೇಲೆ ಬರೆದಿಡಿ.

ಪ್ರಶ್ನೆ (ಗದಗ ಪ್ರೆಸ್): ಕೊನೇದು ಸರ್. ಹಾಕೋ ಮೊದಲು ಹೇಗಿರುತ್ತೆ ಅಂತ ನೋಡಬಹುದಾ? ಲೆಕ್ಕ ಬರೆಯೋ ಟ್ಯಾಲಿ ನಡೆಯುತ್ತಾ?

ಉತ್ತರ: ನೋಡಬಹುದು. ಮಿಂಟ್‌ನ ಫೈಲ್ ಇಳಿಸಿ, ರೂಫಸ್ ಅನ್ನೋ ಸಾಫ್ಟ್‌ವೇರ್‌ನಿಂದ ಪೆನ್‌ಡ್ರೈವ್‌ಗೆ ಹಾಕಿ. ಆ ಪೆನ್‌ಡ್ರೈವ್‌ನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ಖಾಲಿ ಇರೋದನ್ನೇ ತೊಗೊಳ್ಳಿ. ಅದರಿಂದಲೇ ಕಂಪ್ಯೂಟರ್ ಶುರು ಮಾಡಿದರೆ ಡಿಸ್ಕ್ ಮುಟ್ಟದೆ ಎಲ್ಲ ನೋಡಬಹುದು, ಸ್ವಲ್ಪ ನಿಧಾನ ಅಷ್ಟೇ. ವೈಫೈ, ಪ್ರಿಂಟರ್, ಸೌಂಡ್ ಆಗಲೇ ಪರೀಕ್ಷೆ ಮಾಡಿ. ಟ್ಯಾಲಿ ವಿಂಡೋಸ್‌ಗೆ ಮಾಡಿದ ಸಾಫ್ಟ್‌ವೇರ್, ಅದನ್ನು ಆ ವಿಂಡೋಸ್ ಮಷೀನ್‌ನಲ್ಲೇ ಬಿಡಿ. ಇನ್‌ಸ್ಟಾಲ್ ಮಾಡುವ ದಿನ ಯುಪಿಎಸ್ ಇರಲಿ, ಫೈಲ್‌ಗಳ ಬ್ಯಾಕಪ್ ಬೇರೆ ಡಿಸ್ಕ್‌ನಲ್ಲಿರಲಿ. ಮತ್ತೆ ಲಗ್ನದ ಸೀಜನ್ ಮುಗಿದ ಮೇಲೆ ಮಾಡಿ.