ಉದ್ಯಾನದ ಶೌಚಾಲಯ: ಅದೇ ಗುಂಡಿಯನ್ನು ಮತ್ತೆ ತೋಡುವ ಮುನ್ನ

ಮನೆ 31, ಬೆಳಿಗ್ಗೆ 7.10

ನಮ್ಮ ಬಡಾವಣೆಯ ಗುಂಪಿನ ಎಲ್ಲರಿಗೂ ನಮಸ್ಕಾರ. ರಾತ್ರಿಯ ಮಳೆಗೆ ಉದ್ಯಾನದ ಶೌಚಾಲಯದ ಸೆಪ್ಟಿಕ್ ಟ್ಯಾಂಕ್ ಮತ್ತೆ ಉಕ್ಕಿ ಹರಿದಿದೆ. ಆರು ಗಂಟೆಗೆ ಹೋಗಿ ನೋಡಿ ಬಂದೆ. ಕಾಂಕ್ರೀಟ್ ಮುಚ್ಚಳದ ಸಂದಿಯಿಂದ ಕಪ್ಪು ನೀರು ಬುಳುಬುಳು ಎಂದು ಎದ್ದು, ಮಕ್ಕಳ ಜಾರುಬಂಡೆಯ ಬುಡವನ್ನು ಬಳಸಿಕೊಂಡು ಕೆರೆಯತ್ತ ಹೋಗುತ್ತಿತ್ತು. ಮರಳಿನ ಗುಂಡಿಯಲ್ಲಿ ಯಾವುದೋ ಮಗು ಮರೆತುಹೋದ ಕೆಂಪು ಬಕೆಟ್ಟು ಅದೇ ನೀರಿನಲ್ಲಿ ತೇಲುತ್ತಿತ್ತು. ಅದನ್ನು ಎತ್ತಿ ಬದಿಗಿಟ್ಟಾಗ ಆದ ಸಂಕಟವನ್ನು ಇಲ್ಲಿ ಬರೆಯಲಾರೆ.

ಮುಂದಿನ ಸಭೆಯಲ್ಲಿ ಇದರ ಎರಡರಷ್ಟು ದೊಡ್ಡ ಟ್ಯಾಂಕ್ ಕಟ್ಟಿಸುವ ನಿರ್ಣಯ ಬರಲಿದೆ. ದಯವಿಟ್ಟು ಅದನ್ನು ಹದಿನೈದು ದಿನ ಮುಂದೂಡಿ. ದೊಡ್ಡ ಟ್ಯಾಂಕ್ ಕಟ್ಟಿದರೆ ಅದು ಉಕ್ಕುವ ದಿನ ಸ್ವಲ್ಪ ತಡವಾಗಿ ಬರುತ್ತದೆ, ಅಷ್ಟೇ.

ಒಬ್ಬರು ದಿನಕ್ಕೆ ಮಾಡುವ ಮೂತ್ರ ಸುಮಾರು ಒಂದರಿಂದ ಒಂದೂವರೆ ಲೀಟರ್. ಮಲ ಅದಕ್ಕಿಂತ ಎಷ್ಟೋ ಕಡಿಮೆ, ಕೆಲವು ನೂರು ಗ್ರಾಂ. ಎರಡನ್ನೂ ಒಂದೇ ಬೇಸಿನ್ನಿಗೆ ಬಿಟ್ಟು, ಪ್ರತಿ ಸಲ ಆರರಿಂದ ಒಂಬತ್ತು ಲೀಟರ್ ಒಳ್ಳೆಯ ನೀರನ್ನು ಮೇಲೆ ಸುರಿಯುತ್ತೇವೆ. ಟ್ಯಾಂಕ್ ತುಂಬುತ್ತಿರುವುದು ಬಹುಮಟ್ಟಿಗೆ ಈ ನೀರಿನಿಂದಲೇ. ರೋಗ ಹರಡುವ ಕ್ರಿಮಿಗಳು ಬಹುತೇಕ ಮಲದಲ್ಲಿರುತ್ತವೆ. ಸಾರಜನಕ ಮಾತ್ರ ಮೂತ್ರದ ಸೊತ್ತು: ಕೊಳಚೆ ನೀರಿನ ಒಟ್ಟು ಪ್ರಮಾಣದಲ್ಲಿ ಮೂತ್ರ ಹೆಚ್ಚೆಂದರೆ ನೂರಕ್ಕೆ ಒಂದು ಪಾಲು ಇದ್ದೀತು, ಆದರೆ ಆ ಕೊಳಚೆಯಲ್ಲಿರುವ ಸಾರಜನಕದ ಶೇ. 80ರಷ್ಟು ಮತ್ತು ರಂಜಕದ ಹತ್ತಿರ ಹತ್ತಿರ ಅರ್ಧ ಮೂತ್ರದಿಂದಲೇ ಬರುತ್ತದೆ. ಸೆಪ್ಟಿಕ್ ಟ್ಯಾಂಕಿಗೆ ಸಾರಜನಕವನ್ನು ತಡೆಯುವ ಶಕ್ತಿ ಇಲ್ಲ. ಅದು ಇಂಗುಗುಂಡಿಯಿಂದ ಮಣ್ಣಿಗಿಳಿದು ನೈಟ್ರೇಟ್ ಆಗಿ ಅಂತರ್ಜಲಕ್ಕೂ ಕೆರೆಗೂ ಸೇರುತ್ತದೆ. ಕೆರೆಯ ಮೇಲಿನ ಪಾಚಿಯನ್ನು ವರ್ಷಕ್ಕೆರಡು ಬಾರಿ ಬಲೆ ಹಾಕಿ ಎಳೆಸುತ್ತೇವಲ್ಲ, ಅದಕ್ಕೆ ಗೊಬ್ಬರ ಉಣಿಸುತ್ತಿರುವವರೂ ನಾವೇ.

ದೇಹ ಇವೆರಡಕ್ಕೂ ಬೇರೆ ಬೇರೆ ದಾರಿ ಮಾಡಿಕೊಟ್ಟಿದೆ. ಅವನ್ನು ಬೆರೆಸಿ, ಆಮೇಲೆ ಬೇರ್ಪಡಿಸಲು ಒದ್ದಾಡುವುದಕ್ಕಿಂತ ಹುಟ್ಟುವಲ್ಲಿಯೇ ಬೇರೆಯಾಗಿ ಹಿಡಿಯುವ, ನೀರು ಸುರಿಯಬೇಕಿಲ್ಲದ ಶೌಚಾಲಯ ಕಟ್ಟೋಣ ಎಂಬುದು ನನ್ನ ಕೋರಿಕೆ.

ಮನೆ 8, ಬೆಳಿಗ್ಗೆ 8.25

ನಿಮ್ಮ ಕಾಳಜಿ ಅರ್ಥವಾಗುತ್ತದೆ. ಖಜಾಂಚಿಯಾಗಿ ನಾನು ಕೇಳಲೇಬೇಕಾದ ಪ್ರಶ್ನೆಗಳಿವೆ. ನೀರು ಹಾಕದಿದ್ದರೆ ವಾಸನೆ ಇನ್ನೂ ಹೆಚ್ಚುವುದಿಲ್ಲವೇ? ಬೇಸಿನ್ನಿನ ಒಂದು ಭಾಗ ಇದಕ್ಕೆ, ಇನ್ನೊಂದು ಭಾಗ ಅದಕ್ಕೆ ಎಂದು ಬೋರ್ಡ್ ಹಾಕಿದರೆ ಓದಿ ನಡೆದುಕೊಳ್ಳುವವರು ಎಷ್ಟು ಜನ? ಇದು ಮನೆಯ ಬಚ್ಚಲಲ್ಲ. ಕಾವಲುಗಾರರು, ವಾಯುವಿಹಾರಕ್ಕೆ ಬರುವ ಹಿರಿಯರು, ಆಟದ ನಡುವೆ ಓಡಿಬರುವ ಮಕ್ಕಳು ಬಳಸುವ ಜಾಗ.

ಮನೆ 31, ಬೆಳಿಗ್ಗೆ 9.40

ಸರ್, ಎರಡನೆಯ ಪ್ರಶ್ನೆಯೇ ಈ ವಿಷಯದ ಜೀವ. ಬೋರ್ಡ್ ಓದಿ ಬಳಸಬೇಕಾದ ಶೌಚಾಲಯ ಸೋತಂತೆಯೇ.

ಸ್ವಿಟ್ಜರ್ಲೆಂಡಿನ ಜಲಸಂಶೋಧನಾ ಸಂಸ್ಥೆ ಇವಾಗ್ ಈ ಪ್ರಶ್ನೆಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಅಲ್ಲಿ ಮೊದಲು ಬಳಸಿದ ನೋಮಿಕ್ಸ್ ಕಮೋಡಿನಲ್ಲಿ ಕುಳಿತವರ ಭಾರಕ್ಕೆ ಮುಂಭಾಗದ ಮೂತ್ರದ ಕವಾಟ ತೆರೆಯುತ್ತಿತ್ತು. ಯೋಚನೆ ಚೆನ್ನಾಗಿತ್ತು. ಆದರೆ ಗಂಡಸರೂ ಕುಳಿತೇ ಮೂತ್ರ ಮಾಡಬೇಕಿತ್ತು, ಮಕ್ಕಳಿಗೆ ಸರಿಯಾದ ಜಾಗದಲ್ಲಿ ಕೂರಲು ಕಷ್ಟವಾಗುತ್ತಿತ್ತು, ಕವಾಟವೂ ಕೊಳವೆಯೂ ಗಸಿ ಕಟ್ಟುತ್ತಿದ್ದವು. ವಿಚಾರವನ್ನು ಮೆಚ್ಚಿದವರು ಬಹಳ ಜನ, ಬೇಸಿನ್ನನ್ನು ಮೆಚ್ಚಿದವರು ಕಡಿಮೆ.

ಆಮೇಲೆ ವಿಯೆನ್ನಾದ ಈಓಓಎಸ್ ಎಂಬ ವಿನ್ಯಾಸ ಸಂಸ್ಥೆಯವರು ಕಂಡುಕೊಂಡ ಉಪಾಯವನ್ನು ನೀವು ಈಗಲೇ ಅಡುಗೆಮನೆಯಲ್ಲಿ ಪರೀಕ್ಷಿಸಬಹುದು. ತುಂಬಿದ ಸ್ಟೀಲ್ ಲೋಟವನ್ನು ಬಹಳ ನಿಧಾನವಾಗಿ ಬಗ್ಗಿಸಿ. ನೀರು ಅಂಚಿನಿಂದ ಕೆಳಗೆ ಬೀಳದೆ ಲೋಟದ ಹೊರಮೈಗೆ ಅಂಟಿಕೊಂಡು, ತಳಕ್ಕೆ ತಿರುಗಿ, ನಿಮ್ಮ ಮೊಣಕೈಗೆ ಇಳಿಯುತ್ತದೆ. ಅದೇ ಲೋಟವನ್ನು ರಭಸವಾಗಿ ಬಗ್ಗಿಸಿದರೆ ಅಂಚನ್ನು ಹಾರಿ ಮುಂದಕ್ಕೆ ಬೀಳುತ್ತದೆ. ಅವರ ಬೇಸಿನ್ನೂ ಹೀಗೆಯೇ. ಮೂತ್ರ ಮುಂಗೋಡೆಯ ಮೇಲೆ ನಿಧಾನವಾಗಿ ಇಳಿದು, ಅಂಚಿನ ಅಡಿಗೆ ಅಂಟಿಕೊಂಡು, ಕಣ್ಣಿಗೆ ಕಾಣದ ಕಿಂಡಿಗೆ ಸೇರುತ್ತದೆ. ಫ್ಲಶ್ ನೀರು ರಭಸಕ್ಕೆ ಅಂಚನ್ನು ದಾಟಿಹೋಗುತ್ತದೆ. ಕವಾಟವಿಲ್ಲ, ಚಲಿಸುವ ಭಾಗವಿಲ್ಲ, ಬಳಸುವವರು ಹೊಸದಾಗಿ ಕಲಿಯಬೇಕಾದದ್ದೂ ಇಲ್ಲ. 2019ರಲ್ಲಿ ಲಾಫೆನ್ ಕಂಪನಿ ಇದನ್ನು ಮಾರುಕಟ್ಟೆಗೆ ತಂದಿತು.

ಅದು ಫ್ಲಶ್ ಇರುವ ಮನೆಗಳಿಗೆ. ನಮ್ಮ ಉದ್ಯಾನಕ್ಕೆ ನೀರೇ ಬೇಡದ ಬಗೆ ಹೊಂದುತ್ತದೆ ಎಂದು ನನ್ನ ಎಣಿಕೆ: ಮುಂದೆ ಮೂತ್ರದ ತೊಟ್ಟಿ, ಹಿಂದೆ ಅಗಲವಾದ ರಂಧ್ರ, ಕೆಳಗೆ ಒಣ ಕೋಣೆ. ಮಲದ ಮೇಲೆ ಪ್ರತಿ ಸಲ ಒಂದು ಹಿಡಿ ಬೂದಿ ಅಥವಾ ಮರದ ಹೊಟ್ಟು. ವಾಸನೆಯ ಮೂಲ ಒದ್ದೆ. ಮೂತ್ರವೂ ನೀರೂ ಬೀಳದ ಮಲ ಒಣಗುತ್ತದೆ, ಚಾವಣಿಗಿಂತ ಮೇಲೆ ಚಾಚಿದ ಗಾಳಿಕೊಳವೆ ಉಳಿದದ್ದನ್ನು ಎಳೆದುಕೊಳ್ಳುತ್ತದೆ.

ಮನೆ 17, ಮಧ್ಯಾಹ್ನ 12.05

ತೊಳೆದುಕೊಳ್ಳುವ ನೀರನ್ನು ಎಲ್ಲರೂ ಮರೆತಿರಿ. ಆ ನೀರು ಹಿಂದಿನ ರಂಧ್ರಕ್ಕೆ ಬಿದ್ದರೆ ಒಣ ಕೋಣೆ ಒಣ ಕೋಣೆಯಾಗಿ ಉಳಿಯುವುದಿಲ್ಲ, ಮುಂದಿನ ತೊಟ್ಟಿಗೆ ಬಿದ್ದರೆ ಮೂತ್ರಕ್ಕೆ ಮಲದ ಕ್ರಿಮಿ ಸೇರುತ್ತದೆ. ಆದ್ದರಿಂದ ಮೂರನೆಯ ಜಾಗ ಬೇಕೇ ಬೇಕು. ಕುಳಿತಲ್ಲಿಂದ ಒಂದೇ ಹೆಜ್ಜೆ ಸರಿದು ತೊಳೆದುಕೊಳ್ಳುವಂತಿರಬೇಕು, ಆ ನೀರು ಬೇರೆ ಕೊಳವೆಯಲ್ಲಿ ಜಲ್ಲಿ ತುಂಬಿದ ಪುಟ್ಟ ಗಿಡದ ಪಾತಿಗೆ ಹೋಗಬೇಕು. ಆ ಒಂದು ಹೆಜ್ಜೆಯನ್ನು ಮಂಡಿನೋವಿನ ಅಜ್ಜಿ ಸೀರೆ ಎತ್ತಿಕೊಂಡು ಇಡಬೇಕು ಎಂಬುದು ನಕ್ಷೆ ಬರೆಯುವವರ ಕಣ್ಮುಂದೆ ಇರಲಿ. ಹಿಡಿದುಕೊಳ್ಳಲು ಗೋಡೆಗೊಂದು ಕಂಬಿ ಹಾಕಿಸಿ.

ಮುಟ್ಟಿನ ಪ್ಯಾಡುಗಳಿಗೆ ಒಳಗೇ ಮುಚ್ಚಳವಿರುವ ಡಬ್ಬಿ ಬೇಕು. ಇಲ್ಲದಿದ್ದರೆ ಅವು ಎಲ್ಲಿಗೆ ಬೀಳುತ್ತವೆ ಎಂಬುದನ್ನು ಹಳೆಯ ಟ್ಯಾಂಕ್ ಖಾಲಿ ಮಾಡಿದವರು ಹೇಳುತ್ತಾರೆ.

ಇನ್ನೊಂದು ಮಾತು. ಉದ್ಯಾನಕ್ಕೆ ಬರುವವರಲ್ಲಿ ಹೆಚ್ಚಿನವರಿಗೆ ಬೇಕಾಗಿರುವುದು ಮೂತ್ರಕ್ಕೆ ಒಂದು ಜಾಗ ಮಾತ್ರ. ಗಂಡಸರಿಗೆ ಅದನ್ನು ಎಲ್ಲರೂ ಕಟ್ಟಿಸುತ್ತಾರೆ. ಹೆಂಗಸರಿಗೂ ಬಾಗಿಲಿರುವ, ಕುಕ್ಕರಗಾಲಿನಲ್ಲಿ ಕೂರುವ ಮೂತ್ರದ ಕೋಣೆಗಳನ್ನೇ ಹೆಚ್ಚು ಕಟ್ಟೋಣ. ಅಲ್ಲಿ ಬೇರ್ಪಡಿಸುವ ತಾಪತ್ರಯವೇ ಇರುವುದಿಲ್ಲ.

ಮನೆ 31, ಮಧ್ಯಾಹ್ನ 12.20

ಮೇಡಂ, ಮೂತ್ರದ ಕೋಣೆಗಳ ಮಾತು ನನ್ನ ತಲೆಗೆ ಹೊಳೆದಿರಲಿಲ್ಲ. ಕೆಲಸದ ಅರ್ಧ ಭಾರ ಅಲ್ಲೇ ಇಳಿಯಿತು.

ಮನೆ 45, ಮಧ್ಯಾಹ್ನ 2.30

ನಾನು ಕೊಳಾಯಿ ಕೆಲಸದವನು, ಕೊಳವೆಯ ಬಗ್ಗೆ ಮಾತ್ರ ಹೇಳುತ್ತೇನೆ. ಒಮ್ಮೆ ಒಂದು ಹಳೆಯ ಕಟ್ಟಡದ ಮೂತ್ರದ ಪೈಪನ್ನು ಗರಗಸದಲ್ಲಿ ಕೊಯ್ದಿದ್ದೆ. ಎರಡು ಇಂಚಿನ ಪೈಪಿನೊಳಗೆ ಪೆನ್ಸಿಲ್ ತೂರುವಷ್ಟೇ ಜಾಗ ಉಳಿದಿತ್ತು. ಉಳಿದದ್ದೆಲ್ಲ ಸುಣ್ಣದಂತೆ ಬಿಳಿಚಿದ, ಉಗುರಿಗೆ ಜಗ್ಗದ ಗಟ್ಟಿ ಪದರ. ಮೂತ್ರದಲ್ಲಿರುವ ಯೂರಿಯಾ ಕೊಳವೆಯ ಒಳಮೈಯಲ್ಲಿರುವ ಸೂಕ್ಷ್ಮಾಣುಗಳಿಂದ ಒಡೆದು ಅಮೋನಿಯಾ ಆಗುತ್ತದೆ, ಕ್ಷಾರ ಏರುತ್ತದೆ, ಆಗ ಕ್ಯಾಲ್ಸಿಯಂ, ಮೆಗ್ನೀಸಿಯಂ, ರಂಜಕಗಳು ಹರಳುಗಟ್ಟಿ ಕೂರುತ್ತವೆ. ಗಡಸು ನೀರು ಹಾಕಿದರೆ ಪದರ ಇನ್ನೂ ಬೇಗ ಬೆಳೆಯುತ್ತದೆ. ಹಾಗಾಗಿ ಮೂತ್ರದ ಕೊಳವೆಗೆ ನೀರು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು.

ಎಲ್ಬೋ ಬಳಸಲೇಬಾರದು, ಉದ್ದನೆಯ ಬೆಂಡ್ ಹಾಕಬೇಕು. ನೂರು ಅಡಿಗೆ ಕನಿಷ್ಠ ಒಂದು ಅಡಿ ವಾಟ ಸಿಗಬೇಕು, ಹೆಚ್ಚು ಸಿಕ್ಕರೆ ಬಿಡಬಾರದು. ಚೆನ್ನಾಗಿ ವಾಟವಿರುವ ಕಡೆ ಎರಡು ಇಂಚು ಸಾಕು, ಉಳಿದೆಡೆ ಮೂರು ಇಂಚು. ಲೋಹ ಬೇಡ, ಮೂತ್ರ ಅದನ್ನು ತಿನ್ನುತ್ತದೆ. ತಿರುವು ಇರುವಲ್ಲೆಲ್ಲ ಬಿಚ್ಚಿ ತೊಳೆಯುವ ಮುಚ್ಚಳವಿರಲಿ. ಮೂತ್ರ ಕೂಡಿಡುವ ಟ್ಯಾಂಕಿನೊಳಗೆ ಕೊಳವೆ ತಳದ ಹತ್ತಿರದವರೆಗೆ ಇಳಿಯಬೇಕು. ಮೇಲಿನಿಂದ ಸುರಿದರೆ ಕಲಕಿ ಅಮೋನಿಯಾ ಹಾರಿಹೋಗುತ್ತದೆ, ಘಾಟೂ ಹೊಡೆಯುತ್ತದೆ.

ಲೆಕ್ಕ: ದಿನಕ್ಕೆ 60 ಜನ, ಒಬ್ಬೊಬ್ಬರದು 300 ಮಿಲಿಲೀಟರ್ ಎಂದರೆ 18 ಲೀಟರ್. ಆರು ತಿಂಗಳಿಗೆ 3,240. ನಾಲ್ಕು ಸಾವಿರ ಲೀಟರಿನ ಪ್ಲಾಸ್ಟಿಕ್ ಟ್ಯಾಂಕ್ ಎರಡು ಬೇಕು. ಒಂದು ತುಂಬುವಾಗ ಇನ್ನೊಂದು ಮುಚ್ಚಿ ಕೂತಿರಬೇಕು.

ಮನೆ 12, ಸಂಜೆ 4.15

ಎಲ್ಲ ಸರಿ. ಒಣಗಿದ ಮಲವನ್ನು ತೆಗೆಯುವವರು ಯಾರು? ನಾನು ಇದನ್ನು ಸಿಟ್ಟಿನಿಂದಲೇ ಕೇಳುತ್ತಿದ್ದೇನೆ. ಒಳ್ಳೆಯ ಯೋಜನೆಯ ಕೊನೆಯ ತುದಿಯಲ್ಲಿ ಯಾವಾಗಲೂ ಗುದ್ದಲಿ ಹಿಡಿದ ಒಬ್ಬ ಬಡವರು ನಿಂತಿರುತ್ತಾರೆ.

ದಕ್ಷಿಣ ಆಫ್ರಿಕಾದ ಡರ್ಬನ್ ನಗರ 2000ದ ಕಾಲರಾ ಹಾವಳಿಯ ನಂತರ ಹೊರವಲಯದ ಕುಟುಂಬಗಳಿಗೆ ಇಂಥವೇ ಒಣ ಶೌಚಾಲಯಗಳನ್ನು ಕಟ್ಟಿಸಿತು, 75 ಸಾವಿರಕ್ಕೂ ಹೆಚ್ಚು. ಗುಂಡಿ ಖಾಲಿ ಮಾಡುವ ಕೆಲಸ ಮನೆಯವರ ಪಾಲಿಗೆ ಬಿತ್ತು. ಬಹಳ ಜನರಿಗೆ ಅದು ಹಿಡಿಸಲಿಲ್ಲ. ಸಿರಿವಂತರಿಗೆ ಫ್ಲಶ್, ನಮಗೆ ಮಾತ್ರ ಬೂದಿಯೇ ಎಂದು ಅವರು ಕೇಳಿದ್ದರಲ್ಲಿ ತಪ್ಪೇನು? ಹಣೆಬರಹದಂತೆ ಅಂಟಿಸಿದ ಯಾವ ಶೌಚಾಲಯವೂ ಗೌರವ ಕೊಡುವುದಿಲ್ಲ.

ಆದ್ದರಿಂದ ಮಧ್ಯಾಹ್ನ ನಾನು ಉದ್ಯಾನದ ಸ್ವಚ್ಛತೆ ನೋಡಿಕೊಳ್ಳುವ ಅಕ್ಕನನ್ನೇ ಕೇಳಿದೆ. ಅವರು ಹಳೆಯ ಕಟ್ಟಡದ ಹಿಂಬದಿಗೆ ಕರೆದೊಯ್ದು ಟ್ಯಾಂಕಿನ ಮುಚ್ಚಳ ತೋರಿಸಿದರು. ಎತ್ತಲು ನಾಲ್ಕು ಜನ ಬೇಕು, ಹಿಡಿಗಳು ತುಕ್ಕು ಹಿಡಿದು ಉದುರಿವೆ. ಅವರು ಕೇಳಿದ್ದು ಇಷ್ಟು: ಬಗ್ಗದೆ, ಒಳಗೆ ಇಳಿಯದೆ, ನಿಂತುಕೊಂಡೇ ಹೊರತೆಗೆಯುವಂತೆ ಬಾಗಿಲು ಸೊಂಟದ ಮಟ್ಟಕ್ಕಿರಲಿ. ನೆಲ ಹೊರಗಡೆಗೆ ಇಳಿಜಾರಿರಲಿ. ಕೈ ತೊಳೆಯುವ ನಲ್ಲಿ ಅಲ್ಲೇ ಇರಲಿ.

ಮನೆ 31, ಸಂಜೆ 5.00

ಅವರು ಹೇಳಿದ್ದೇ ನಕ್ಷೆಯ ಮೊದಲ ಗೆರೆಯಾಗಲಿ. ಅಕ್ಕಪಕ್ಕ ಎರಡು ಕೋಣೆಗಳು, ಎರಡೂ ನೆಲಮಟ್ಟಕ್ಕಿಂತ ಮೇಲೆ. ಒಂದು ತುಂಬಿದ ಮೇಲೆ ಅದನ್ನು ಮುಚ್ಚಿ ಇನ್ನೊಂದನ್ನು ಬಳಸುವುದು. ಮುಚ್ಚಿದ ಕೋಣೆಯನ್ನು ಕನಿಷ್ಠ ಒಂದು ವರ್ಷ ಮುಟ್ಟಬಾರದು. ಅಷ್ಟರಲ್ಲಿ ಅದು ಪುಡಿ ಮಣ್ಣಿನಂತಾಗಿರುತ್ತದೆ. ಆದರೂ ಜಂತುಹುಳುವಿನ ಮೊಟ್ಟೆಗಳು ಬಹಳ ಗಟ್ಟಿ ಜೀವ, ಒಣ ಮಣ್ಣಿನಲ್ಲೂ ದೀರ್ಘಕಾಲ ಬದುಕಬಲ್ಲವು. ಆದ್ದರಿಂದ ಕೈಗವಸು, ಬೂಟು, ಮುಖವಾಡ ಇಲ್ಲದೆ ಯಾರೂ ಆ ಬಾಗಿಲು ತೆರೆಯಬಾರದು, ಆ ಮಣ್ಣನ್ನು ಮರಗಳ ಬುಡದಲ್ಲಿ ಆಳವಾಗಿ ಹೂಳಬೇಕು. ಮೊದಲ ಬಾರಿ ತೆಗೆಯುವ ದಿನ ಗುದ್ದಲಿ ಹಿಡಿಯುವವನು ನಾನು. ಇದನ್ನು ನಿರ್ಣಯದಲ್ಲಿ ಬರೆದುಕೊಳ್ಳಿ.

ಮನೆ 26, ರಾತ್ರಿ 7.45

ಮೂತ್ರದ ಟ್ಯಾಂಕ್ ತುಂಬಿದ ಮೇಲಿನ ಕೆಲಸ ನನಗಿರಲಿ. ಒಬ್ಬರ ಒಂದು ವರ್ಷದ ಮೂತ್ರ 300ರಿಂದ 400 ಚದರ ಮೀಟರ್ ನೆಲದ ಒಂದು ಬೆಳೆಗೆ ಸಾಲುವ ಗೊಬ್ಬರ. ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾರ್ಗಸೂಚಿಯ ಪ್ರಕಾರ ಹಲವರ ಮೂತ್ರ ಸೇರಿದ್ದಾದರೆ 20 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚಿನ ಉಷ್ಣತೆಯಲ್ಲಿ ಆರು ತಿಂಗಳು ಮುಚ್ಚಿಟ್ಟರೆ ಯಾವ ಬೆಳೆಗಾದರೂ ಹಾಕಬಹುದು. ಅಮೋನಿಯಾ ಮತ್ತು ಕ್ಷಾರವೇ ಕ್ರಿಮಿಗಳನ್ನು ಕೊಲ್ಲುತ್ತವೆ. ಅದಕ್ಕೇ ನೀರು ಬೆರೆಸಿ ಇಡಬಾರದು, ತೆಳುವಾದರೆ ಆ ಕೆಲಸ ಕುಂಠಿತವಾಗುತ್ತದೆ.

ಹಾಕುವಾಗ ನೀರು ಬೆರೆಸಿ, ಎಲೆಗೆ ತಾಗದಂತೆ ಬುಡದ ಪಕ್ಕದ ಕಾಲುವೆಗೆ ಹಾಕಿ, ಕೂಡಲೇ ಮಣ್ಣು ಮುಚ್ಚಬೇಕು. ಉಪ್ಪಿನಂಶ ಇರುವುದರಿಂದ ಒಂದೇ ಜಾಗಕ್ಕೆ ಮತ್ತೆ ಮತ್ತೆ ಸುರಿಯಬಾರದು. ಮಾತ್ರೆ ನುಂಗುವವರ ಮೂತ್ರದಲ್ಲಿ ಔಷಧದ ಅಂಶ ಇರುತ್ತದೆ ಎಂಬ ಅಳುಕು ನನಗೂ ಇದೆ. ಸ್ವಿಟ್ಜರ್ಲೆಂಡಿನಲ್ಲಿ ಮೂತ್ರದಿಂದ ತಯಾರಾಗುವ ಆರಿನ್ ಎಂಬ ಗೊಬ್ಬರದಲ್ಲಿ ಅದನ್ನು ಸಕ್ರಿಯ ಇದ್ದಿಲಿನಲ್ಲಿ ಸೋಸಿ ತೆಗೆಯುತ್ತಾರೆ. ಅಲ್ಲಿನ ಸರ್ಕಾರ 2018ರಲ್ಲಿ ಈ ಗೊಬ್ಬರವನ್ನು ನಾವು ತಿನ್ನುವಂಥ ಬೆಳೆಗಳಿಗೂ ಹಾಕಲು ಒಪ್ಪಿದೆ. ನಮ್ಮ ಬಳಿ ಆ ವ್ಯವಸ್ಥೆ ಇಲ್ಲ. ಹಾಗಾಗಿ ನಾವು ನೆರಳಿನ ಮರಗಳಿಗೆ, ಹೂಗಿಡಗಳಿಗೆ, ಹುಲ್ಲಿಗೆ ಮಾತ್ರ ಹಾಕೋಣ. ಕೆರೆಯ ದಂಡೆಯಿಂದ ದೂರ, ಮಳೆಗಾಲದಲ್ಲಿ ಖಂಡಿತ ಬೇಡ.

ಮನೆ 8, ರಾತ್ರಿ 9.10

ಎಲ್ಲವನ್ನೂ ಎರಡು ಬಾರಿ ಓದಿದೆ. ಲೋಟದ ಪರೀಕ್ಷೆಯನ್ನೂ ಮಾಡಿದೆ, ಅಂಗಿಯ ತೋಳು ಪೂರ್ತಿ ಒದ್ದೆಯಾಯಿತು. ದೊಡ್ಡ ಟ್ಯಾಂಕಿನ ನಿರ್ಣಯವನ್ನು ತಡೆಹಿಡಿಯುತ್ತೇನೆ. ಎರಡು ಷರತ್ತು: ಮೊದಲು ಮೂತ್ರದ ಕೋಣೆಗಳು ಮತ್ತು ಒಂದೇ ಒಂದು ಒಣ ಶೌಚಾಲಯ ಕಟ್ಟೋಣ, ಮಳೆಗಾಲ ಕಳೆಯುವವರೆಗೆ ನೋಡೋಣ. ಸ್ವಚ್ಛತೆಯ ಅಕ್ಕನನ್ನು ಸಭೆಗೆ ಕರೆದು ಕುರ್ಚಿ ಹಾಕಿ ಕೂರಿಸಬೇಕು. ಅವರು ಬೇಡ ಎಂದರೆ ಬೇಡ.

ಮನೆ 45, ರಾತ್ರಿ 9.20

ಭಾನುವಾರ ಬೆಳಿಗ್ಗೆ ಏಳಕ್ಕೆ ಚಾಕ್‌ಪೀಸು, ಟೇಪು ತರುತ್ತೇನೆ. ಹಳೆಯ ಕಟ್ಟಡದ ಮುಂದಿನ ಸಿಮೆಂಟಿನ ಮೇಲೆ ಪಾದ ಇಡುವ ಜಾಗ, ತೊಟ್ಟಿ, ರಂಧ್ರ, ತೊಳೆಯುವ ಜಾಗ ಎಲ್ಲವನ್ನೂ ನಿಜವಾದ ಅಳತೆಯಲ್ಲೇ ಬರೆಯೋಣ. ಬಟ್ಟೆ ತೊಟ್ಟಂತೆಯೇ ಒಬ್ಬೊಬ್ಬರು ಕೂತು ನೋಡಬೇಕು.

ಮನೆ 17, ರಾತ್ರಿ 9.32

ಅತ್ತೆಯವರನ್ನೂ ಐದು ವರ್ಷದ ಮಗಳನ್ನೂ ಕರೆತರುತ್ತೇನೆ. ಮೊದಲು ಅವರಿಬ್ಬರ ಪಾದದ ಗುರುತು ಹಾಕಿ, ಆಮೇಲೆ ನಿಮ್ಮ ಗೆರೆ ಎಳೆಯಿರಿ ಅಣ್ಣ.